ನಾಲ್ವರ ಮೇಳ

ಲೋಕದಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ನಲವತ್ತು ವರ್ಷ ಹೊಂದಿಕೊಂಡು ಬಾಳಿದರೆಂದರೆ ಊರವರು ಅದನ್ನೊಂದು ವಿಶೇಷವೆಂದೇ ಹೇಳಿಕೊಳ್ಳುತ್ತಾರೆ. ಅವರಾದರೋ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅವರನ್ನು ಒಟ್ಟಿಗೆ ಹಿಡಿದಿಡುವುದಕ್ಕೆ ಹೊಲವುಂಟು, ಮನೆಯುಂಟು, ಹಿರಿಯರ ಹೆಸರುಂಟು. ಇಷ್ಟು ಕಟ್ಟುಗಳಿದ್ದರೂ ಬೇಲಿಯ ಮಾತಿಗೋ ಬಾವಿಯ ನೀರಿಗೋ ಮನಸ್ಸು ಮುರಿದು ಪಾಲಾಗಿ ಹೋಗುವ ಮನೆಗಳೇ ಹೆಚ್ಚು. ಹೀಗಿರಲು, ರಕ್ತಸಂಬಂಧವಿಲ್ಲದ ನಾಲ್ವರು ದಿನದಿನವೂ ಎದುರೆದುರಾಗಿ ಕುಳಿತು, ಒಬ್ಬರ ತಪ್ಪನ್ನು ಮತ್ತೊಬ್ಬರು ಕಿವಿಯಾರ ಕೇಳಿ, ಬಾಯಾರ ಹೇಳಿ, ಮರುದಿನ ಮತ್ತೆ ಅದೇ ಕುರ್ಚಿಗಳಲ್ಲಿ ಬಂದು ಕುಳಿತು ನಲವತ್ತು ವರ್ಷಗಳನ್ನು ಕಳೆದರೆಂದರೆ ಅದನ್ನು ಏನೆನ್ನಬೇಕು? ಅಂತಹ ನಾಲ್ವರು ಕಳೆದ ಶತಮಾನದಲ್ಲಿ ಲಂಡನ್ ನಗರದಲ್ಲಿ ಇದ್ದರು. ಅವರ ಮೇಳಕ್ಕೆ ಅಮಡೇಯಸ್ ಕ್ವಾರ್ಟೆಟ್ ಎಂದು ಹೆಸರು.

ಕ್ವಾರ್ಟೆಟ್ ಎಂದರೆ ನಾಲ್ಕು ತಂತಿವಾದ್ಯಗಳ ಮೇಳ: ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ. ವಿಯೋಲಾ ಎಂಬುದು ನೋಡುವುದಕ್ಕೆ ಪಿಟೀಲಿನಂತೆಯೇ ಇದ್ದು ಗಾತ್ರದಲ್ಲಿ ತುಸು ದೊಡ್ಡದು. ಅದರ ಶ್ರುತಿ ಪಿಟೀಲಿನದಕ್ಕಿಂತ ಪಂಚಮದಷ್ಟು ತಗ್ಗು. ಚೆಲ್ಲೊ ಇನ್ನೂ ದೊಡ್ಡದು. ಅದನ್ನು ಮೊಳಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುತ್ತಾರೆ. ಅದರ ಶ್ರುತಿ ವಿಯೋಲಾದಿಂದ ಒಂದು ಸ್ಥಾಯಿ ಕೆಳಗೆ. ಹದಿನೆಂಟನೆಯ ಶತಮಾನದಲ್ಲಿ ವಿಯೆನ್ನಾ ನಗರದ ಸುತ್ತಮುತ್ತ ಈ ಪದ್ಧತಿ ಪ್ರೌಢಿಗೆ ಬಂದಿತು. ಹೈಡನ್ ಈ ಜಾತಿಯ ೬೮ ಕೃತಿಗಳನ್ನೂ, ಮೋಟ್ಸಾರ್ಟ್ ೨೩ನ್ನೂ, ಬೀಥೊವನ್ ೧೬ನ್ನೂ, ಷೂಬರ್ಟ್ ೧೫ನ್ನೂ ರಚಿಸಿದರು. ಇಲ್ಲಿ ಹಾಡುಗಾರನಿಲ್ಲ, ತಾಳ ಹಾಕುವವನಿಲ್ಲ, ಕೋಲು ಹಿಡಿದು ನಡೆಸುವ ನಾಯಕನೂ ಇಲ್ಲ. ನಾಲ್ವರೂ ಒಬ್ಬರ ಉಸಿರನ್ನೊಬ್ಬರು ನೋಡಿಕೊಂಡೇ ಹೊರಡಬೇಕು, ನಿಲ್ಲಬೇಕು.

ಪಿಟೀಲು ಕನ್ನಡಿಗರಿಗೆ ಹೊಸದಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಅದು ದಕ್ಷಿಣದ ಕಚೇರಿಗಳಲ್ಲಿ ನೆಲೆಗೊಂಡಿದೆ; ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ಮೆರೆಸಿದರು. ಆದರೆ ಕರ್ಣಾಟಕ ಸಂಗೀತದ ಕಚೇರಿಯಲ್ಲಿ ಪಿಟೀಲಿನವರು ಬಹುಮಟ್ಟಿಗೆ ಹಾಡುಗಾರರ ನೆರಳಿನಂತೆ ಹಿಂಬಾಲಿಸತಕ್ಕವರು. ಕ್ವಾರ್ಟೆಟ್ಟಿನಲ್ಲಿ ಹಾಗಲ್ಲ. ಭರತಮುನಿಯು ಸ್ವರಗಳನ್ನು ವಾದಿ, ಸಂವಾದಿ, ಅನುವಾದಿ, ವಿವಾದಿ ಎಂದು ನಾಲ್ಕು ಬಗೆಯಾಗಿ ವಿಭಾಗಿಸಿದ್ದಾನಷ್ಟೆ. ಮಾತಾಡುವವನು ಒಬ್ಬ, ಒಪ್ಪುವವನು ಒಬ್ಬ, ಹಿಂಬಾಲಿಸುವವನು ಒಬ್ಬ, ಅಡ್ಡ ನುಡಿಯುವವನು ಒಬ್ಬ. ಮುನಿಯು ಇದನ್ನು ಸ್ವರಗಳ ವಿಷಯದಲ್ಲಿ ಹೇಳಿದುದಾದರೂ ಆ ನಾಲ್ಕು ಶಬ್ದಗಳು ಈ ನಾಲ್ಕು ವಾದ್ಯಗಳಿಗೆ ಹೇಳಿ ಮಾಡಿಸಿದಂತಿವೆ. ವಿಶೇಷವೇನೆಂದರೆ, ಇಲ್ಲಿ ಯಾವ ಪಾತ್ರವೂ ಒಬ್ಬನಿಗೇ ಮೀಸಲಲ್ಲ. ಈಗ ವಾದಿಯಾಗಿದ್ದವನು ಎರಡು ಆವರ್ತ ಕಳೆಯುವಷ್ಟರಲ್ಲಿ ಅನುವಾದಿಯಾಗಿ ತಗ್ಗಬೇಕು. ಇದುವರೆಗೆ ತಗ್ಗಿದ್ದವನು ತಲೆಯೆತ್ತಬೇಕು. ಜರ್ಮನಿಯ ಮಹಾಕವಿ ಗಯಟೆ ಇದನ್ನು ನಾಲ್ವರು ವಿವೇಕಿಗಳ ಸಂಭಾಷಣೆಗೆ ಹೋಲಿಸಿದ್ದುಂಟು. ತಗ್ಗುವುದೂ ಏಳುವುದೂ ಎರಡೂ ಬಲ್ಲವನೇ ಇಲ್ಲಿ ಸಲ್ಲತಕ್ಕವನು. ಒಂದನ್ನು ಮಾತ್ರ ಬಲ್ಲವನು ಸಲ್ಲನು.

ಈ ಮೇಳದ ನಾಲ್ವರಲ್ಲಿ ಮೂವರು ಬೆಳೆದುದು ಆಸ್ಟ್ರಿಯಾ ದೇಶದಲ್ಲಿ. ನಾರ್ಬರ್ಟ್ ಬ್ರೈನಿನ್ ೧೯೨೩ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಸೀಗ್ಮಂಡ್ ನಿಸ್ಸೆಲ್ ೧೯೨೨ರಲ್ಲಿ ಮ್ಯೂನಿಕ್ ನಗರದಲ್ಲಿ ಹುಟ್ಟಿ ವಿಯೆನ್ನಾಕ್ಕೆ ಬಂದವರು. ಪೀಟರ್ ಶಿಡ್‌ಲಾಫ್ ಅವರೂ ೧೯೨೨ರಲ್ಲಿಯೇ ಹುಟ್ಟಿದವರು. ಮೂವರೂ ಯೆಹೂದ್ಯರು, ಮೂವರೂ ಪಿಟೀಲಿನ ವಿದ್ಯಾರ್ಥಿಗಳು. ಆದರೆ ಆಗ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. ೧೯೩೮ನೆಯ ಇಸವಿ ಮಾರ್ಚಿ ೧೨ನೆಯ ದಿನ ಹಿಟ್ಲರನ ಸೇನೆ ಗಡಿಯನ್ನು ದಾಟಿ ಆಸ್ಟ್ರಿಯಾವನ್ನು ಹೊಕ್ಕಿತು. ಅದೇ ದಿನ ಬ್ರೈನಿನ್ ಅವರಿಗೆ ಹದಿನೈದು ವರ್ಷ ತುಂಬಿತು. ಅಂದಿನಿಂದ ಯೆಹೂದ್ಯರ ಪಾಲಿಗೆ ಆ ನಗರದಲ್ಲಿ ಶಾಲೆಯಿಲ್ಲ, ಉದ್ಯೋಗವಿಲ್ಲ, ಬೀದಿಯಲ್ಲಿ ನಡೆಯುವ ಧೈರ್ಯವೂ ಇಲ್ಲ. ಆ ವರ್ಷದ ಡಿಸೆಂಬರಿನಿಂದ ಯುದ್ಧದ ಪ್ರಾರಂಭದವರೆಗೆ ಸುಮಾರು ಹತ್ತು ಸಾವಿರ ಮಕ್ಕಳನ್ನು ರೈಲಿನಲ್ಲಿ ಕೂಡಿಸಿ ಇಂಗ್ಲೆಂಡಿಗೆ ಸಾಗಿಸಿದರು. ತಂದೆತಾಯಿಗಳು ನಿಲ್ದಾಣದಲ್ಲಿಯೇ ಉಳಿದರು. ಅವರಲ್ಲಿ ಬಹುಮಂದಿ ಮಕ್ಕಳ ಮುಖವನ್ನು ಮತ್ತೆ ಕಾಣಲಿಲ್ಲ. ನಿಸ್ಸೆಲ್ ಮತ್ತು ಶಿಡ್‌ಲಾಫ್ ಆ ಏರ್ಪಾಟಿನಲ್ಲಿಯೇ ದೇಶವನ್ನು ಬಿಟ್ಟರು. ಬ್ರೈನಿನ್ ಅವರೂ ಅದೇ ವರ್ಷ ಲಂಡನ್ನನ್ನು ಸೇರಿದರು.

ಆಶ್ರಯವೇನೋ ದೊರೆಯಿತು. ಆದರೆ ವಿಧಿಯ ಕುಚೋದ್ಯ ಇನ್ನೂ ಮುಗಿದಿರಲಿಲ್ಲ. ೧೯೪೦ರ ಬೇಸಗೆಯಲ್ಲಿ ಫ್ರಾನ್ಸ್ ಬಿದ್ದುಹೋಗಿ, ಇಂದೋ ನಾಳೆಯೋ ಜರ್ಮನರು ಕಡಲನ್ನು ದಾಟಿ ಬರುವರೆಂಬ ಭೀತಿ ಇಂಗ್ಲೆಂಡನ್ನು ಆವರಿಸಿತು. ಜರ್ಮನ್ ನುಡಿಯನ್ನಾಡುವವರೆಲ್ಲ ಶತ್ರುದೇಶದ ಪ್ರಜೆಗಳೆಂದು ಎಣಿಸಲ್ಪಟ್ಟರು. ಹಿಟ್ಲರನಿಗೆ ಅಂಜಿ ಓಡಿಬಂದವರನ್ನೇ ಹಿಟ್ಲರನ ಕಡೆಯವರೆಂದು ಹಿಡಿದು ಮುಳ್ಳುತಂತಿಯ ಬೇಲಿಯೊಳಗೆ ಕೂಡಿದರು! ಬ್ರೈನಿನ್ ಮತ್ತು ಶಿಡ್‌ಲಾಫ್ ಒಬ್ಬರನ್ನೊಬ್ಬರು ಮೊದಲು ಕಂಡುದು ಶ್ರಾಪ್‌ಷೈರ್ ಪ್ರಾಂತದ ಪ್ರೀಸ್ ಹೀತ್ ಎಂಬ ಅಂತಹದೊಂದು ಶಿಬಿರದಲ್ಲಿ. ಕೆಲವು ತಿಂಗಳಲ್ಲಿ ಬ್ರೈನಿನ್ ಬಿಡುಗಡೆ ಹೊಂದಿದರು. ಶಿಡ್‌ಲಾಫ್ ಅವರನ್ನು ಐಲ್ ಆಫ್ ಮ್ಯಾನ್ ಎಂಬ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಅವರಿಗೆ ನಿಸ್ಸೆಲ್ ಅವರ ಪರಿಚಯವಾಯಿತು. ವಿಯೆನ್ನಾದ ಬೀದಿಗಳಲ್ಲಿ ಸಂಧಿಸದಿದ್ದವರು ಬೇಲಿಯೊಳಗೆ ಸಂಧಿಸಿದರು.

ಆ ದ್ವೀಪದಲ್ಲಿ ವಿದ್ವಾಂಸರಿಗೂ ಕಲಾವಿದರಿಗೂ ಕೊರತೆಯಿರಲಿಲ್ಲ. ಬೇಲಿಯೊಳಗೆ ಪಾಠಗಳು ನಡೆದವು, ಕಚೇರಿಗಳೂ ನಡೆದವು. ಹೊರಗೆ, ಇಂಗ್ಲೆಂಡಿನ ಹಿರಿಯ ರಚನಕಾರರಾದ ವಾನ್ ವಿಲಿಯಮ್ಸ್ ಅವರು ಸೆರೆಯಲ್ಲಿದ್ದ ಸಂಗೀತಗಾರರ ಬಿಡುಗಡೆಗಾಗಿ ನೇಮಿತವಾದ ಸಮಿತಿಯ ಅಧ್ಯಕ್ಷರಾಗಿ ಬಹಳ ಶ್ರಮಪಟ್ಟರು. ಒಂದು ದೇಶದಲ್ಲಿ ತಪ್ಪೂ ಆ ತಪ್ಪನ್ನು ತಿದ್ದುವವರೂ ಒಟ್ಟಿಗೇ ಇರುವುದುಂಟೆಂಬುದಕ್ಕೆ ಇದು ಸಾಕ್ಷಿ.

ಕಾಲಕ್ರಮದಲ್ಲಿ ಮೂವರೂ ಹೊರಗೆ ಬಂದರು. ಬ್ರೈನಿನ್ ಯುದ್ಧಕಾಲದಲ್ಲಿ ಕಾರ್ಖಾನೆಯ ಕೆಲಸವನ್ನೂ ಮಾಡಬೇಕಾಯಿತು. ಪಿಟೀಲು ಹಿಡಿಯತಕ್ಕ ಬೆರಳುಗಳು ಯಂತ್ರವನ್ನು ಹಿಡಿದವು. ಆ ದಿನಗಳಲ್ಲಿ ಇವರಿಗೆ ಗುರುವಾಗಿ ಒದಗಿದವರು ಮ್ಯಾಕ್ಸ್ ರೋಸ್ಟಾಲ್. ಅವರೂ ಯೆಹೂದ್ಯರು, ೧೯೩೪ರಲ್ಲಿ ಜರ್ಮನಿಯನ್ನು ಬಿಟ್ಟು ಲಂಡನ್ನಿಗೆ ಬಂದವರು. ಈ ಮೂವರು ನಿರ್ಗತಿಕ ಹುಡುಗರಿಂದ ಅವರು ಒಂದು ಕಾಸನ್ನೂ ತೆಗೆದುಕೊಳ್ಳದೆ ಪಾಠ ಹೇಳಿದರು. ವಿದ್ಯೆಯನ್ನು ಮಾರಬಾರದೆಂಬ ಮಾತನ್ನು ಪಾಠಶಾಲೆಗಳಲ್ಲಿ ಕೇಳಿ ಬೆಳೆದವರಿಗೆ ಇದು ಅಪರಿಚಿತವಲ್ಲ. ಆದರೆ ತಾನೇ ನೆಲೆತಪ್ಪಿ ಬಂದವನು, ದುಬಾರಿಯ ನಗರದಲ್ಲಿ, ಯುದ್ಧದ ಕಾಲದಲ್ಲಿ ಅದನ್ನು ಆಚರಿಸುವುದು ಸುಲಭವಲ್ಲ. ಮುಂದೆ ಈ ಮೇಳದಿಂದ ಜಗತ್ತಿಗೆ ದೊರೆತುದರಲ್ಲೆಲ್ಲ ಆ ಗುರುವಿನ ಪಾಲೊಂದು ಸೇರಿದೆ. ರೋಸ್ಟಾಲ್ ಅವರ ಬಳಗದ ಮೂಲಕವೇ ನಾಲ್ಕನೆಯವರೂ ದೊರೆತರು. ಮಾರ್ಟಿನ್ ಲವೆಟ್ ಲಂಡನ್ನಿನಲ್ಲಿಯೇ ಹುಟ್ಟಿದವರು, ಚೆಲ್ಲೊವಾದಕರ ಮಗ, ತಾವೂ ಚೆಲ್ಲೊವಾದಕರು. ಮೇಳ ಕೂಡಿದಾಗ ಅವರಿಗೆ ಇಪ್ಪತ್ತೇ ವರ್ಷ.

ಮೇಳವೇನೋ ಕೂಡಬಹುದು, ಆದರೆ ಮೂವರು ಪಿಟೀಲಿನವರಿದ್ದಾರೆ, ಬೇಕಾದವರು ಇಬ್ಬರು. ಪಶ್ಚಿಮದ ಸಂಗೀತಗಾರರಲ್ಲಿ ಒಂದು ಹಾಸ್ಯದ ಮಾತುಂಟು: ಕ್ವಾರ್ಟೆಟ್ ಎಂದರೆ ಒಬ್ಬ ಒಳ್ಳೆಯ ಪಿಟೀಲುಗಾರ, ಒಬ್ಬ ಅಷ್ಟೇನೂ ಒಳ್ಳೆಯವನಲ್ಲದ ಪಿಟೀಲುಗಾರ, ಹಿಂದೊಮ್ಮೆ ಪಿಟೀಲುಗಾರನಾಗಿದ್ದವನೊಬ್ಬ, ಪಿಟೀಲುಗಾರರನ್ನು ಕಂಡರಾಗದವನೊಬ್ಬ ಎಂದು. ನಗೆಯೊಳಗೆ ನಿಜವೂ ಇದೆ. ವಿಯೋಲಾ ನುಡಿಸುವವನನ್ನು ಜನ ಪಿಟೀಲಿನಲ್ಲಿ ಮುಂದಕ್ಕೆ ಬರಲಾರದವನೆಂದು ಭಾವಿಸುವುದುಂಟು. ಹೀಗಿದ್ದರೂ ಶಿಡ್‌ಲಾಫ್ ಬಾಲ್ಯದಿಂದ ತಪಸ್ಸಿನಂತೆ ಕಲಿತ ಪಿಟೀಲನ್ನು ಕೆಳಗಿಟ್ಟು ವಿಯೋಲಾವನ್ನು ಎತ್ತಿಕೊಂಡರು. ಆ ವಯಸ್ಸಿನ ಒಬ್ಬ ತರುಣ, ಮನೆ ಹೋಗಿ, ದೇಶ ಹೋಗಿ, ತನ್ನದೆನ್ನುವ ಆಸ್ತಿಯೆಂದರೆ ಈ ಒಂದು ವಿದ್ಯೆಯೇ ಆಗಿರುವಾಗ, ಮೇಳ ನಡೆಯಲೆಂದು ಅದನ್ನೂ ಬದಿಗಿಡುವುದೆಂದರೆ ಸಾಮಾನ್ಯವೇ? ಹೀಗೆ ಬಿಟ್ಟುಕೊಟ್ಟವರಿಗೆ ಕಾಲ ಅನ್ಯಾಯ ಮಾಡಲಿಲ್ಲ. ಮೇಳದ ಒಳದನಿಯಾಗಿದ್ದ ಆ ವಿಯೋಲಾವನ್ನು ಬಲ್ಲವರು ಆಮೇಲೆ ಮೇಳದ ಹೃದಯವೆಂದು ಗುರುತಿಸಿದರು. ೧೯೬೪ರಿಂದ ಅವರ ಕೈಯಲ್ಲಿದ್ದುದು ಇಟಲಿಯ ಸ್ಟ್ರಾಡಿವರಿಯು ೧೭೧೯ರಲ್ಲಿ ಮಾಡಿದ ವಿಯೋಲಾ. ಆ ಶಿಲ್ಪಿಯ ಪಿಟೀಲುಗಳು ನೂರಾರು ಉಳಿದಿವೆ, ವಿಯೋಲಾಗಳು ಹತ್ತು ಹನ್ನೆರಡು ಮಾತ್ರ. ಮೋಟ್ಸಾರ್ಟ್ ಕೂಡ ಗೆಳೆಯರೊಂದಿಗೆ ಕ್ವಾರ್ಟೆಟ್ ನುಡಿಸಲು ಕುಳಿತಾಗ ವಿಯೋಲಾವನ್ನೇ ಹಿಡಿದ ಸಂಗತಿ ಚರಿತ್ರೆಯಲ್ಲಿದೆ. ನಡುವೆ ಕುಳಿತವನಿಗೆ ಎರಡು ಕಡೆಯೂ ಕೇಳಿಸುತ್ತದೆಯಷ್ಟೆ.

೧೯೪೭ರ ಬೇಸಗೆಯಲ್ಲಿ ಈ ನಾಲ್ವರು ಬ್ರೈನಿನ್ ಅವರ ಹೆಸರಿನಲ್ಲಿಯೇ ಡಾರ್ಟಿಂಗ್ಟನ್ ಎಂಬಲ್ಲಿ ನುಡಿಸಿದರು. ರವೀಂದ್ರನಾಥ ಠಾಕೂರರ ಶ್ರೀನಿಕೇತನದಲ್ಲಿ ದುಡಿದು ಹೋಗಿದ್ದ ಲೆನಾರ್ಡ್ ಎಲ್ಮ್‌ಹರ್ಸ್ಟ್ ಅವರು ಪತ್ನಿಯೊಡಗೂಡಿ ಬೆಳೆಸಿದ ವಿದ್ಯಾಕೇಂದ್ರವದು. ಅಲ್ಲಿ ಸಂಗೀತಾಧ್ಯಾಪಿಕೆಯಾಗಿದ್ದವರು ಇಮೊಜೆನ್ ಹೋಲ್ಸ್ಟ್. ಅವರ ತಂದೆ ಗುಸ್ಟಾವ್ ಹೋಲ್ಸ್ಟ್ ಅವರು ಋಗ್ವೇದದ ಸೂಕ್ತಗಳಿಗೆ ಸಂಗೀತವನ್ನು ಕಟ್ಟಬೇಕೆಂಬ ಹಂಬಲದಿಂದ ಸಂಸ್ಕೃತವನ್ನು ಕಲಿತವರು, ಸಾವಿತ್ರಿಯ ಕಥೆಯನ್ನು ಗೀತನಾಟಕವಾಗಿ ರಚಿಸಿದವರು. ಅಂತಹವರ ಮಗಳಿಗೆ ಈ ತರುಣರ ಸತ್ತ್ವ ಒಡನೆಯೇ ತಿಳಿಯಿತು. ಲಂಡನ್ನಿನಲ್ಲಿ ಇವರ ಕಚೇರಿಯೊಂದು ನಡೆಯಬೇಕೆಂದು ಅವರು ಅದರ ವೆಚ್ಚವನ್ನು ತಾವೇ ವಹಿಸಿಕೊಂಡರು.

ಹೀಗೆ ೧೯೪೮ನೆಯ ಇಸವಿ ಜನವರಿ ೧೦ನೆಯ ದಿನ ವಿಗ್ಮೋರ್ ಹಾಲ್ ಎಂಬ ಸಭಾಂಗಣದಲ್ಲಿ ಅವರ ಮೊದಲನೆಯ ಕಚೇರಿ ನಡೆಯಿತು. ಆ ಸಭಾಂಗಣಕ್ಕೂ ಒಂದು ಕಥೆಯಿದೆ. ೧೯೦೧ರಲ್ಲಿ ಅದನ್ನು ಕಟ್ಟಿಸಿದವರು ಬೆಕ್‌ಸ್ಟೈನ್ ಎಂಬ ಜರ್ಮನ್ ಪಿಯಾನೋ ವರ್ತಕರು. ಮೊದಲನೆಯ ಮಹಾಯುದ್ಧದಲ್ಲಿ ಶತ್ರುವಿನ ಸೊತ್ತೆಂದು ಅದನ್ನು ಹರಾಜು ಹಾಕಿ, ಆಮೇಲೆ ಹೆಸರನ್ನೂ ಬದಲಾಯಿಸಿದರು. ಶತ್ರುವಿನ ಸೊತ್ತಾಗಿದ್ದ ಮನೆಯಲ್ಲಿ ಶತ್ರುಪ್ರಜೆಗಳೆನಿಸಿಕೊಂಡಿದ್ದವರು ಅಂದು ನುಡಿಸಿದರು. ಅಂದಿನಿಂದಲೇ ಮೇಳಕ್ಕೆ ಹೊಸ ಹೆಸರು. ವೋಲ್ಫ್‌ಗಾಂಗ್ ಅಮಡೇಯಸ್ ಮೋಟ್ಸಾರ್ಟ್ ಎಂಬುದು ಆ ಮಹಾರಚನಕಾರನ ಪೂರ್ಣನಾಮವಷ್ಟೆ. ಅದರ ನಡುವಣ ಶಬ್ದವನ್ನು ಆರಿಸಿಕೊಟ್ಟವರು ನಿಸ್ಸೆಲ್. ದೇವರನ್ನು ಪ್ರೀತಿಸುವವನೆಂದು ಅದರ ಅರ್ಥ. ಪರಿಹಾಸಪ್ರಿಯರು ಸುಮ್ಮನಿರುವರೆ? ವೋಲ್ಫ್ ಎಂದರೆ ತೋಳ, ಗ್ಯಾಂಗ್ ಎಂದರೆ ತಂಡ. ಆದುದರಿಂದ ಇವರನ್ನು ತೋಳಗಳ ತಂಡವೆಂದು ಕರೆದರು!

ಅಲ್ಲಿಂದ ಮುಂದಿನ ಯಶಸ್ಸಿನ ಕಥೆಯನ್ನು ವಿಸ್ತರಿಸಬೇಕಾದುದಿಲ್ಲ. ಯುರೋಪು, ಅಮೆರಿಕ, ಜಪಾನು ಎಲ್ಲೆಡೆಯೂ ನುಡಿಸಿದರು. ಜರ್ಮನಿಯ ಡಾಯಿಚ ಗ್ರಾಮೊಫೋನ್ ಸಂಸ್ಥೆಯವರು ಇವರ ವಾದನವನ್ನು ಸುಮಾರು ಇನ್ನೂರು ಮುದ್ರಿಕೆಗಳಲ್ಲಿ ಹಿಡಿದಿಟ್ಟರು. ೧೯೫೯ರಿಂದ ೧೯೬೩ರವರೆಗೆ ಬೀಥೊವನ್ನನ ಕ್ವಾರ್ಟೆಟ್ಟುಗಳನ್ನೆಲ್ಲ ನುಡಿಸಿ ಮುದ್ರಿಸಿದರು. ಆಮೇಲೆ ಮೋಟ್ಸಾರ್ಟನವನ್ನೆಲ್ಲ ಮುಗಿಸಿದರು. ವಿಸ್ತರಿಸತಕ್ಕುದು ಯಶಸ್ಸಲ್ಲ, ಅದರ ಹಿಂದಿನ ದಿನಚರಿ. ಇವರು ಅಭ್ಯಾಸಕ್ಕೆ ಕುಳಿತರೆ ವಾದವಿವಾದಗಳು ಬಿಸಿಯೇರುತ್ತಿದ್ದುವೆಂಬುದು ಪ್ರಸಿದ್ಧವಾದ ಸಂಗತಿ. ಒಂದು ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು, ಕಮಾನನ್ನು ಎತ್ತ ಎಳೆಯಬೇಕು, ಎಲ್ಲಿ ಉಸಿರು ಬಿಡಬೇಕು ಎಂಬ ಪ್ರತಿಯೊಂದರ ಮೇಲೂ ತರ್ಕ. ನಾಲ್ವರ ಸಭೆಯಲ್ಲಿ ಬಹುಮತವೆಂಬುದೂ ಸುಲಭವಲ್ಲ. ಇಬ್ಬರು ಅತ್ತ, ಇಬ್ಬರು ಇತ್ತ ಆದರೆ ತೀರ್ಮಾನಿಸುವವರಾರು? ಅಲ್ಲಿ ನಿಸ್ಸೆಲ್ ಅವರ ಸಮಾಧಾನಗುಣ ಉಪಯೋಗಕ್ಕೆ ಬಂದಿತು. ಮೇಳದ ಪತ್ರವ್ಯವಹಾರ, ಲೆಕ್ಕಪತ್ರಗಳ ಭಾರವನ್ನು ಹೊತ್ತವರೂ ಅವರೇ. ಎರಡನೆಯ ಪಿಟೀಲೆಂದರೆ ಎರಡನೆಯ ದರ್ಜೆಯೆಂದು ತಿಳಿದವರಿಗೆ ಮನೆಯೊಂದನ್ನು ಹಿಡಿದು ನಿಲ್ಲಿಸುವವರು ಯಾರೆಂಬುದು ತಿಳಿಯದು. ಜಗಳವಾಡುವುದು ಮುರಿಯುವುದಕ್ಕಲ್ಲ, ಕೃತಿಯ ಸತ್ಯವನ್ನು ಹುಡುಕುವುದಕ್ಕೆಂಬ ನಂಬಿಕೆ ನಾಲ್ವರಲ್ಲಿಯೂ ಇದ್ದುದರಿಂದ ಅವು ಜಗಳಗಳಾಗಿ ಉಳಿಯಲಿಲ್ಲ. ಶಾಸ್ತ್ರದಲ್ಲಿ ವಾದವೆನ್ನುವುದು ಇದನ್ನೇ, ಜಲ್ಪವೂ ವಿತಂಡವೂ ಬೇರೆ.

ಇಲ್ಲಿ ಒಂದು ಕಠಿನವಾದ ವಿಷಯವನ್ನು ಹೇಳದೆ ಬಿಡಲಾಗದು. ತಮ್ಮನ್ನು ಹೊರಗೆ ಅಟ್ಟಿದ ನಾಡಿಗೆ ಇವರು ಮತ್ತೆ ಹೋದರು. ಯುದ್ಧ ಮುಗಿದು ಐದೇ ವರ್ಷವಾಗಿದ್ದ ೧೯೫೦ರಲ್ಲಿ ಬರ್ಲಿನ್ನಿನ ಬಾನುಲಿ ನಿಲಯದಲ್ಲಿ ಇವರು ನುಡಿಸಿದ ಮುದ್ರಣಗಳು ಉಳಿದಿವೆ. ಆಗ ಬರ್ಲಿನ್ ಇನ್ನೂ ಇಟ್ಟಿಗೆಯ ರಾಶಿಗಳ ನಡುವೆ ಇದ್ದಿತು. ಮುಂದಿನ ವರ್ಷಗಳಲ್ಲಿ ಜರ್ಮನಿಯಲ್ಲಿ ಇವರಿಗೆ ದೊರೆತಷ್ಟು ಆದರ ಬೇರೆಡೆ ದೊರೆತುದು ವಿರಳ. ತಮ್ಮ ಕುಲದ ಅರವತ್ತು ಲಕ್ಷ ಮಂದಿಯನ್ನು ಕೊಂದ ರಾಜ್ಯದ ನೆಲದಲ್ಲಿ, ಸಭೆಯ ನಡುವೆ ಕುಳಿತವರ ಕೈಗಳು ಹತ್ತು ವರ್ಷಗಳ ಹಿಂದೆ ಏನು ಮಾಡಿದ್ದುವೋ ಎಂದು ತಿಳಿಯದೆ, ನುಡಿಸುವುದು ಸರಿಯೇ? ಹೋಗಲಾರೆವೆಂದ ಯೆಹೂದ್ಯ ಕಲಾವಿದರೂ ಇದ್ದರು. ಅವರದು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಹೈಡನ್, ಬೀಥೊವನ್, ಷೂಬರ್ಟರ ನುಡಿ ಹಿಟ್ಲರನ ಆಸ್ತಿಯಾಗಿರಲಿಲ್ಲ. ದೇಶದಿಂದ ಓಡಿಸಲ್ಪಟ್ಟ ಈ ಮೂವರು ಪೆಟ್ಟಿಗೆಯಲ್ಲಿ ಮತ್ತೇನನ್ನೂ ತರದಿದ್ದರೂ ಆ ನುಡಿಯನ್ನು ತಂದಿದ್ದರು. ಅದನ್ನು ಅದರ ತವರಿಗೇ ಮರಳಿ ಮುಟ್ಟಿಸಿದರು. ಇದನ್ನು ಕ್ಷಮೆಯೆಂದು ಕರೆಯುವುದಕ್ಕಿಂತ, ತಮ್ಮದನ್ನು ಬಿಟ್ಟುಕೊಡದ ಹಟವೆಂದು ಕರೆಯುವುದು ಹೆಚ್ಚು ಯುಕ್ತವಾಗಬಹುದು.

ಇವರಲ್ಲಿ ದೋಷವನ್ನು ಕಂಡವರೂ ಉಂಟು. ಹೊಸ ಕಾಲದ ರಚನೆಗಳನ್ನು ಇವರು ಅಷ್ಟಾಗಿ ಕೈಗೆತ್ತಿಕೊಳ್ಳಲಿಲ್ಲ, ವಿಯೆನ್ನಾದ ಹಳೆಯ ಬೀದಿಯನ್ನು ಬಿಟ್ಟು ಕದಲಲಿಲ್ಲ, ಸ್ವರದ ಮಾಧುರ್ಯ ಮಿತಿಯನ್ನು ಮೀರಿತು ಎಂಬ ಆಕ್ಷೇಪಣೆಗಳು ನಿರಾಧಾರವಲ್ಲ. ಎಲ್ಲವನ್ನೂ ನುಡಿಸಿದವರಲ್ಲ ಇವರು. ನುಡಿಸಿದುದನ್ನು ಜೀವಮಾನವೆಲ್ಲ ನುಡಿಸಿದವರು. ಆದರೂ ಸಮಕಾಲೀನರಲ್ಲಿ ಒಬ್ಬರ ಕೃತಿ ಇವರ ಹೆಸರಿನೊಡನೆ ಶಾಶ್ವತವಾಗಿ ಸೇರಿಹೋಗಿದೆ. ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ ಅವರು ಹೃದ್ರೋಗದಿಂದ ಜರ್ಝರಿತರಾಗಿದ್ದ ೧೯೭೫ರಲ್ಲಿ ತಮ್ಮ ಮೂರನೆಯ ಕ್ವಾರ್ಟೆಟ್ಟನ್ನು ಬರೆದರು; ಅದರ ಕೊನೆಯ ಅಂಗವನ್ನು ವೆನಿಸ್ ನಗರದಲ್ಲಿ ಮುಗಿಸಿದರು. ಕೃತಿಯನ್ನು ಅರ್ಪಿಸಿದುದು ಹ್ಯಾನ್ಸ್ ಕೆಲ್ಲರ್ ಎಂಬ ವಿಮರ್ಶಕರಿಗೆ. ಅವರೂ ವಿಯೆನ್ನಾದಿಂದ ಓಡಿಬಂದವರು, ಐಲ್ ಆಫ್ ಮ್ಯಾನಿನ ಬೇಲಿಯೊಳಗೆ ದಿನ ಕಳೆದವರು. ೧೯೭೬ರ ಶರತ್ಕಾಲದಲ್ಲಿ ಅಮಡೇಯಸ್ಸಿನವರು ಅದನ್ನು ರಚನಕಾರರೆದುರಿಗೇ ನುಡಿಸಿ ಅಭ್ಯಾಸ ಮಾಡಿದರು. ಡಿಸೆಂಬರ್ ೪ರಂದು ಬ್ರಿಟನ್ ತೀರಿಕೊಂಡರು. ಹದಿನೈದು ದಿನಗಳಾದ ಮೇಲೆ, ೧೯ರಂದು, ಅವರದೇ ನಾಡಿನ ಸ್ನೇಪ್ ಎಂಬಲ್ಲಿ ಅದರ ಮೊದಲನೆಯ ಪ್ರಯೋಗ ನಡೆಯಿತು. ಅದರ ಕೊನೆಯ ಅಂಗದಲ್ಲಿ ಕೆಳದನಿಯ ಒಂದೇ ಪಲುಕು ಹೆಜ್ಜೆ ಹಾಕುವಂತೆ ಮರಳಿ ಮರಳಿ ಬರುತ್ತದೆ. ಮುಕ್ತಾಯದಲ್ಲಿ ಶ್ರುತಿ ನೆಲೆಗೆ ನಿಲ್ಲದೆ ಪ್ರಶ್ನೆಯೊಂದನ್ನು ಕೇಳಿದಂತೆ ತೇಲಿ ನಿಂತುಬಿಡುತ್ತದೆ.

ಅಂತಹ ಪ್ರಶ್ನೆ ಹನ್ನೊಂದು ವರ್ಷಗಳಲ್ಲಿ ಮೇಳದ ಬಾಗಿಲಿಗೇ ಬಂದಿತು. ೧೯೮೭ನೆಯ ಇಸವಿ ಆಗಸ್ಟ್ ೧೬ರಂದು ಪೀಟರ್ ಶಿಡ್‌ಲಾಫ್ ಇದ್ದಕ್ಕಿದ್ದಂತೆ ಮರಣ ಹೊಂದಿದರು. ಅವರಿಗೆ ಅರವತ್ತೈದು ವರ್ಷ. ಮೇಳ ಕೂಡಿ ಅದು ನಲವತ್ತನೆಯ ವರ್ಷ. ಅಷ್ಟು ಕಾಲದಲ್ಲಿ ಒಮ್ಮೆಯೂ ಒಬ್ಬರೂ ಬದಲಾಗಿರಲಿಲ್ಲ. ಉಳಿದ ಮೂವರಿಗೂ ಕೈ ನಡೆಯುತ್ತಿತ್ತು. ಲವೆಟ್ ಅವರಿಗೆ ಅರವತ್ತೇ ವರ್ಷ. ಬೇಕೆಂದರೆ ಬರುವುದಕ್ಕೆ ಒಳ್ಳೆಯ ವಿಯೋಲಾವಾದಕರಿಗೂ ಕೊರತೆಯಿರಲಿಲ್ಲ. ಆದರೆ ಅವರು ಬದಲಿಯವರನ್ನು ತಂದುಕೊಳ್ಳಲಿಲ್ಲ. ಅಮಡೇಯಸ್ ಕ್ವಾರ್ಟೆಟ್ ಅಂದಿಗೆ ಮುಗಿಯಿತು.

ಇದು ಸರಿಯೇ ಎಂದು ಕೇಳುವವರು ಕೇಳಬಹುದು. ಕ್ವಾರ್ಟೆಟ್ಟುಗಳ ಚರಿತ್ರೆಯಲ್ಲಿ ಬೇರೆ ದಾರಿಯೂ ಇದೆ. ಬುಡಾಪೆಸ್ಟ್ ಕ್ವಾರ್ಟೆಟ್ ಎಂಬ ಸುಪ್ರಸಿದ್ಧ ಮೇಳ ೧೯೧೭ರಲ್ಲಿ ಹಂಗೇರಿಯ ಆ ರಾಜಧಾನಿಯಲ್ಲಿ ಹುಟ್ಟಿತು. ಒಬ್ಬೊಬ್ಬರಾಗಿ ಹೋಗಿ ಬೇರೊಬ್ಬರು ಬಂದು, ೧೯೩೬ರ ವೇಳೆಗೆ ಅದರಲ್ಲಿ ಒಬ್ಬನಾದರೂ ಹಂಗೇರಿಯವನಿರಲಿಲ್ಲ. ನಾಲ್ವರೂ ರಷ್ಯಾದ ಕಡೆಯವರು. ಹೆಸರು ಮಾತ್ರ ಬುಡಾಪೆಸ್ಟಿನದು! ಆದರೂ ಅದರ ಕೀರ್ತಿ ಶಿಖರಕ್ಕೇರಿದುದು ಆ ಬಳಿಕವೇ. ಮಾಸ್ಕೋದ ಬೊರೊಡಿನ್ ಕ್ವಾರ್ಟೆಟ್ಟಿನಲ್ಲಿ ಉಳಿದವರೆಲ್ಲ ಬದಲಾದರೂ ಚೆಲ್ಲೊವಾದಕ ವ್ಯಾಲೆಂಟಿನ್ ಬರ್ಲಿನ್ಸ್ಕಿ ಒಬ್ಬರೇ ೨೦೦೭ರವರೆಗೆ ಆ ಆಸನದಲ್ಲಿದ್ದು ಪರಂಪರೆಯನ್ನು ನಡೆಸಿದರು. ತರ್ಕಶಾಸ್ತ್ರಜ್ಞರು ದೀಪದ ಜ್ವಾಲೆಯ ದೃಷ್ಟಾಂತವನ್ನು ಹೇಳುತ್ತಾರೆ: ಸಂಜೆ ಕಂಡ ಜ್ವಾಲೆಯೇ ಇದೆಂದು ನಡುರಾತ್ರಿಯಲ್ಲಿ ನಾವು ತಿಳಿಯುತ್ತೇವೆ, ವಾಸ್ತವವಾಗಿ ಕ್ಷಣಕ್ಷಣಕ್ಕೂ ಹಳೆಯದು ಆರಿ ಹೊಸದು ಉರಿಯುತ್ತಿರುತ್ತದೆ, ಅದೇ ಎನ್ನುವುದು ಸಾದೃಶ್ಯದಿಂದ ಬಂದ ಭ್ರಾಂತಿ. ಆದರೆ ಬೆಳಕು ಬೇಕಾದವನಿಗೆ ಅದು ಬೆಳಕೇ. ಬುಡಾಪೆಸ್ಟಿನವರು ಮಾಡಿದುದರಲ್ಲಿ ತಪ್ಪೇನೂ ಇಲ್ಲ. ಮಠದಲ್ಲಿ ಸ್ವಾಮಿಗಳು ಬದಲಾದರೆ ಮಠ ಬದಲಾಯಿತೆಂದು ಯಾರೂ ಹೇಳರು.

ಇನ್ನೂ ಬಲವಾದ ಆಕ್ಷೇಪಣೆಯೊಂದಿದೆ. ಬೀಥೊವನ್ನನ ಕೃತಿ ದೊಡ್ಡದೋ, ನುಡಿಸುವವರ ಸ್ನೇಹ ದೊಡ್ಡದೋ? ಕಲೆ ಸ್ವಂತದ್ದಲ್ಲ, ನಲವತ್ತು ವರ್ಷಗಳಲ್ಲಿ ಕೂಡಿಟ್ಟ ಜ್ಞಾನವನ್ನು ಒಬ್ಬರ ಮರಣದೊಡನೆ ನಿಲ್ಲಿಸಿಬಿಡುವುದು ಕಲೆಗೆ ಮಾಡಿದ ಲೋಪವಲ್ಲವೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೇಳುಗರಿಗೆ ನಷ್ಟವಾದುದು ನಿಜ. ಉಳಿದ ಮೂವರಿಗೆ ಆದ ನಷ್ಟವೋ, ಅದನ್ನು ಹೇಳತಕ್ಕುದಿಲ್ಲ. ಬೆಳಗಾಗುತ್ತಲೇ ಅಭ್ಯಾಸಕ್ಕೆ ಹೊರಡುತ್ತಿದ್ದವರಿಗೆ ಹೊರಡುವ ಕಾರಣವೇ ಇಲ್ಲವಾಯಿತು.

ಆದರೆ ಈ ಮೇಳ ಯಾವುದರಿಂದ ಆದುದೆಂಬುದನ್ನು ನೆನೆದರೆ ಅವರ ನಿರ್ಧಾರ ಬೇರೆಯಾಗಿ ಕಾಣುತ್ತದೆ. ಕೆಲವು ಮೇಳಗಳನ್ನು ಒಂದು ನಗರವೋ ವಿದ್ಯಾಲಯವೋ ಹುಟ್ಟಿಸುತ್ತದೆ. ಅವು ಸಂಸ್ಥೆಗಳು, ಆಸನಗಳಿಂದಾದವು. ಇದನ್ನು ಹುಟ್ಟಿಸಿದುದು ಆಸನಗಳಲ್ಲ. ಇಬ್ಬರು ಬೇಲಿಯೊಳಗೆ ಸಂಧಿಸಿದರು. ಅವರಲ್ಲಿ ಒಬ್ಬರು ಮತ್ತೊಂದು ಬೇಲಿಯೊಳಗೆ ಇನ್ನೊಬ್ಬರನ್ನು ಸಂಧಿಸಿದರು. ಲೆಕ್ಕ ಹಾಕಿ ನೋಡಿದರೆ ಆ ಎರಡು ಶಿಬಿರಗಳಲ್ಲಿಯೂ ಇದ್ದು ಈ ಮೂವರನ್ನು ಒಂದು ಸೂತ್ರದಲ್ಲಿ ಪೋಣಿಸಿದವರು ಶಿಡ್‌ಲಾಫ್. ಮೇಳ ಕೂಡಲೆಂದು ಪಿಟೀಲನ್ನು ಕೆಳಗಿಟ್ಟವರೂ ಅವರೇ. ಬೇರೊಬ್ಬರು ಆ ಕುರ್ಚಿಯಲ್ಲಿ ಕುಳಿತು ಅವೇ ಸ್ವರಗಳನ್ನು ನುಡಿಸಬಹುದಾಗಿತ್ತು, ಮೇಲಾಗಿಯೂ ನುಡಿಸಬಹುದಾಗಿತ್ತು. ಆದರೆ ಸೂತ್ರವೇ ಹೋದ ಮೇಲೆ ಮಣಿಗಳನ್ನು ಅದೇ ಹೆಸರಿನಿಂದ ಕರೆಯುವುದು ಅವರಿಗೆ ಸುಳ್ಳಾಗಿ ತೋರಿರಬೇಕು.

ಹಾಗೆಂದು ಅವರು ಕಲೆಯನ್ನು ಕಟ್ಟಿಡಲಿಲ್ಲ. ಕೊಲೋನ್ ನಗರದ ಸಂಗೀತ ವಿದ್ಯಾಲಯದಲ್ಲಿಯೂ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿಯೂ ಮೂವರು ತರುಣ ಮೇಳಗಳಿಗೆ ಪಾಠ ಹೇಳಿದರು. ಒಂದು ದೀಪವನ್ನು ಅದೇ ದೀಪವೆಂದು ಸಾಧಿಸುವುದಕ್ಕೆ ಬದಲಾಗಿ ಅದರಿಂದ ಬೇರೆ ದೀಪಗಳನ್ನು ಹಚ್ಚಿದರು. ಹೊಸ ಹುಡುಗರು ತಮ್ಮ ತಮ್ಮ ಹೆಸರುಗಳಿಂದಲೇ ಬೆಳಗಲೆಂಬುದು ಅದರ ಇಂಗಿತ. ರೋಸ್ಟಾಲ್ ಅವರಿಂದ ಉಚಿತವಾಗಿ ಪಡೆದ ಸಾಲ ಹೀಗೆ ತೀರಿತು. ಗುರುಋಣವನ್ನು ತೀರಿಸಲು ಶಿಷ್ಯರನ್ನು ಮಾಡುವುದಲ್ಲದೆ ಬೇರೆ ಉಪಾಯವಿಲ್ಲವಷ್ಟೆ.

ಬ್ರೈನಿನ್ ೨೦೦೫ರ ಏಪ್ರಿಲಿನಲ್ಲಿ, ನಿಸ್ಸೆಲ್ ೨೦೦೮ರ ಮೇ ತಿಂಗಳಲ್ಲಿ ತೀರಿಕೊಂಡರು. ನಾಲ್ವರಲ್ಲಿ ಕಿರಿಯರಾದ ಮಾರ್ಟಿನ್ ಲವೆಟ್ ತೊಂಬತ್ತಮೂರು ವರ್ಷ ಬಾಳಿ ೨೦೨೦ರ ಏಪ್ರಿಲಿನಲ್ಲಿ ಕಣ್ಮುಚ್ಚಿದರು. ಮೂವತ್ತೆರಡು ವರ್ಷಗಳಿಗೂ ಮಿಕ್ಕಿ ಅವರು ಇಲ್ಲದ ಮೇಳದ ಸದಸ್ಯರಾಗಿದ್ದರು. ಮುದ್ರಿಕೆಗಳು ಉಳಿದಿವೆ; ಅವನ್ನು ಈಗಲೂ ಕೇಳಬಹುದು. ಕೇಳುವವರು ಸಾಮಾನ್ಯವಾಗಿ ಮೇಲಿನ ಪಿಟೀಲಿನ ಹಿಂದೆಯೇ ಕಿವಿಯನ್ನು ಕಳುಹಿಸುತ್ತಾರೆ. ಒಂದು ಸಲ ಅದನ್ನು ಬಿಟ್ಟು ನಡುವಣ ವಿಯೋಲಾದ ದನಿಯನ್ನೇ ಹಿಡಿದು ಕೊನೆಯವರೆಗೆ ಹೋಗಿ ನೋಡಿದರೆ, ಆ ಮೂವರು ೧೯೮೭ರಲ್ಲಿ ಮಾಡಿದ ನಿರ್ಧಾರಕ್ಕೆ ಕಾರಣವನ್ನು ಯಾರೂ ಬಾಯಲ್ಲಿ ಹೇಳಬೇಕಾಗುವುದಿಲ್ಲ.